ನೀರು ಸುರಿಯುವ ಒಣಗಣ್ಣು

"ಕಣ್ಣಾಗ ಉಸುಕು ಬಿದ್ದಂಗ ಆಗ್ಯಾದ, ನೀರು ಸುರಿಲಾಕತ್ತಾವ." ಸುರಪುರ ತಾಲ್ಲೂಕಿನ ತಿಂಥಣಿ ಸುತ್ತಿನ ಹೊಲಗಳಲ್ಲಿ ಹತ್ತಿ ಬಿಡಿಸುವವರು, ಕೃಷ್ಣಾ ಸೇತುವೆ ಮೇಲೆ ದಿನವೂ ಬೈಕಿನಲ್ಲಿ ಓಡಾಡುವವರು ಹೀಗೆ ಹೇಳುವುದುಂಟು. ಇಂಥ ಕಣ್ಣು ಒಣಗಿದೆ ಎಂದರೆ ನಂಬುವುದು ಕಷ್ಟ. ಆದರೆ ಬಹಳ ಸಲ ನಿಜ ಅದೇ.

ಕಣ್ಣೀರು ಬರೀ ನೀರಲ್ಲ. ಕಣ್ಣಿನ ಮೇಲೆ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕಿಂತ ಮೇಲೆ ತೆಳ್ಳನೆಯ ಎಣ್ಣೆಪದರ ಇರುತ್ತದೆ. ನೀರು ಆರದಂತೆ ಕಾಯುವುದು ಈ ಎಣ್ಣೆ. ಅದನ್ನು ಸುರಿಸುವ ಗ್ರಂಥಿಗಳನ್ನು 1666ರಲ್ಲಿ ವಿವರವಾಗಿ ಬಣ್ಣಿಸಿದವನು ಜರ್ಮನಿಯ ವೈದ್ಯ ಹೈನ್‌ರಿಕ್ ಮೈಬೋಮ್. ಅವನ ಹೆಸರಿನಲ್ಲೇ ಅವು ಮೈಬೋಮಿಯನ್ ಗ್ರಂಥಿಗಳಾದವು. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇವೆ. ರೆಪ್ಪೆಕೂದಲಿನ ಹಿಂದೆಯೇ ಚುಕ್ಕಿಗಳ ಸಾಲಿನಂತೆ ಅವುಗಳ ಬಾಯಿಗಳಿರುತ್ತವೆ. ಕಟ್ಟಿಕೊಂಡಾಗ ಆ ಬಾಯಿಗೆ ಬಿಳಿ-ಹಳದಿ ಬಿರಡೆ ಕೂತಿರುತ್ತದೆ. ಒತ್ತಿದರೆ ತಿಳಿ ಎಣ್ಣೆಯ ಬದಲು ಹೆಪ್ಪುಗಟ್ಟಿದ ತುಪ್ಪದಂಥದ್ದು ಹೊರಬರುತ್ತದೆ. ಎಣ್ಣೆ ಸಾಲದೆ ನೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ. ಉರಿ ತಾಳದೆ ಕಣ್ಣು ಇನ್ನಷ್ಟು ನೀರು ಸುರಿಸುತ್ತದೆ. ಆ ನೀರು ನಿಲ್ಲದೆ ಕೆನ್ನೆಗಿಳಿದು ಹೋಗುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಈ ಎಣ್ಣೆ ಯಾಕೆ ಕರಗುವುದಿಲ್ಲ? ಬಿಸಿಗಾಳಿ ಕಣ್ಣಿನ ನೀರನ್ನು ಹೀರುತ್ತದೆಯೇ ಹೊರತು ರೆಪ್ಪೆಯ ಒಳಗನ್ನು ಹೆಚ್ಚು ಕಾಯಿಸುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೂ ಶಾಖ ಕೊಡಬೇಕು. ಮೊದಲ ಮದ್ದು ಅದೇ.

ಶುಭ್ರ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈಗೆ ಇಟ್ಟು ನೋಡಿ. ಹಿತವಾಗಿದ್ದರೆ ಮುಚ್ಚಿದ ಕಣ್ಣಿನ ಮೇಲಿಡಿ. ಬಟ್ಟೆ ಎರಡೇ ನಿಮಿಷಕ್ಕೆ ಆರುತ್ತದೆ, ಮತ್ತೆ ಅದ್ದಬೇಕು. ಇಲ್ಲೇ ಹೆಚ್ಚಿನವರು ಸೋಲುವುದು. ಒಟ್ಟು ಎಂಟು-ಹತ್ತು ನಿಮಿಷ, ದಿನಕ್ಕೆರಡು ಸಲ. ಕೂಡಲೇ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಹಗುರವಾಗಿ ನೀವಿ, ಗುಡ್ಡೆಯನ್ನು ಒತ್ತಬೇಡಿ. ಕಾಯಿಸಿ ಆರಿಸಿದ ನೀರಲ್ಲಿ ಅಂಚಿನ ಗೀಜು ಒರೆಸಿ. ಗುಣ ಕಾಣಲು ವಾರಗಳೇ ಬೇಕು.

ಪ್ರತಿ ಸಲ ರೆಪ್ಪೆ ಪೂರ್ತಿ ಮುಚ್ಚಿದಾಗ ಗ್ರಂಥಿ ಹಿಂಡಿ ಎಣ್ಣೆ ಹೊರಬೀಳುತ್ತದೆ. ಮೊಬೈಲ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಬಡಿದರೂ ಅರ್ಧಂಬರ್ಧ. ರೆಪ್ಪೆಯ ಒಳ ಅಂಚಿಗೆ ತೀಡುವ ಕಾಡಿಗೆಯೂ ಗ್ರಂಥಿಯ ಬಾಯಿ ಮುಚ್ಚುತ್ತದೆ. ಬೈಕಿನಲ್ಲಿ, ರಾಶಿ ಮಾಡುವಾಗ ಕನ್ನಡಕ ಹಾಕಿದರೆ ಗಾಳಿ-ಧೂಳು ತಡೆಯುತ್ತದೆ.

ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಕಣ್ಣಿಗೆ ಬೇಡವೇ ಬೇಡ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಉರಿ ತಗ್ಗಿಸಬಹುದು. ಆದರೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಅದರಿಂದ ಹೋದ ದೃಷ್ಟಿ ಮರಳುವುದಿಲ್ಲ.

ನೋವು ಹೆಚ್ಚಿದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಿದ್ದರೆ, ಭತ್ತದ ಹೊಟ್ಟು ತಾಗಿ ಕಣ್ಣು ಕೆಂಪಾದರೆ ಅದು ಒಣಗಣ್ಣೆಂದು ಶಾಖ ಕೊಡುತ್ತ ಕೂರಬೇಡಿ. ಅಂದೇ ಸುರಪುರಕ್ಕೆ ಹೋಗಿ ಕಣ್ಣಿನ ವೈದ್ಯರಿಗೆ ತೋರಿಸಿ.