ಕಾರಿನ ಕಣ್ಣಿಗೆ ಬಂದ ಪೊರೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬೀದಿಗಳಲ್ಲಿ ಸಾಲಾಗಿ ನಿಂತ ಕಾರುಗಳನ್ನು ಗಮನಿಸಿ ನೋಡಿ. ಹಲವು ವರ್ಷ ಓಡಿದ ಗಾಡಿಗಳ ಹೆಡ್‌ಲೈಟುಗಳು ಮುದುಕರ ಕಣ್ಣಿನಂತೆ ಪೊರೆಗಟ್ಟಿ, ಹಳದಿಗೂಡಿ ಮಂಕಾಗಿರುವುದು ಕಾಣುತ್ತದೆ. ಈ ಬಡಾವಣೆಗಳು ರೂಪುಗೊಂಡುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಆಗ ಕಾರೆಂಬುದು ಈ ಊರಿಗೆ ಅಪರಿಚಿತ. ಆದುದರಿಂದ ಹಳೆಯ ಮನೆಗಳಲ್ಲಿ ಅದಕ್ಕೆ ತಾವಿಲ್ಲ, ಬೀದಿಯ ಬಿಸಿಲೇ ಗತಿ. ಈ ಬಿಸಿಲಿಗೂ ಆ ಪೊರೆಗೂ ಇರುವ ಸಂಬಂಧವನ್ನು ಅರಿತರೆ ಚಿಕಿತ್ಸೆಯೂ ತಿಳಿಯುತ್ತದೆ.

ಹಿಂದಿನ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ದೀಪಕ್ಕೆ ಗಾಜಿನ ಮುಚ್ಚಳವಿತ್ತು. ಗಾಜು ಬಿಸಿಲಿಗೆ ಮಂಕಾಗದು. ಆದರೆ ಅದು ಭಾರ, ಕಲ್ಲು ಬಡಿದರೆ ಒಡೆಯುತ್ತದೆ. ಇಂದಿನ ಮುಚ್ಚಳಗಳು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. 1953ರಲ್ಲಿ ಜರ್ಮನಿ, ಅಮೆರಿಕಗಳೆರಡರಲ್ಲೂ ಬೇರೆಬೇರೆಯಾಗಿ ಸಿದ್ಧಿಸಿದ ಈ ವಸ್ತು ಹಗುರ, ಬಲು ಗಟ್ಟಿ, ಅಚ್ಚಿನಲ್ಲಿ ಬೇಕಾದ ಆಕಾರಕ್ಕೆ ಬಗ್ಗುವಂಥದು.

ಆದರೆ ಇದಕ್ಕೊಂದು ಶತ್ರು ಉಂಟು. ಸೂರ್ಯನ ಅತಿನೇರಿಳೆ ಕಿರಣಗಳು ಇದರ ಉದ್ದನೆಯ ಅಣುಸರಪಣಿಗಳನ್ನು ಕಡಿಯುತ್ತವೆ. ತುಂಡಾದ ಅಣುಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಮೇಲ್ಮೈ ಪೆಡಸಾಗಿ ಸೂಕ್ಷ್ಮವಾಗಿ ಬಿರಿಯುತ್ತದೆ. ಇದನ್ನು ತಡೆಯಲೆಂದೇ ತಯಾರಕರು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾದ ರಕ್ಷಾಲೇಪವನ್ನು ಬಳಿದಿರುತ್ತಾರೆ. ಧೂಳೂ ಬಿಸಿಲೂ ಅದನ್ನು ಕ್ರಮೇಣ ಸವೆಸುತ್ತವೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಇಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಹವೆ ತಂಪೆಂದ ಮಾತ್ರಕ್ಕೆ ಅತಿನೇರಿಳೆ ಕಿರಣ ಕಡಿಮೆಯೆಂದು ಭಾವಿಸಬಾರದು.

ಪೊರೆ ಎಲ್ಲಿದೆ ಎಂಬುದನ್ನು ಸುಲಭವಾಗಿ ಪರೀಕ್ಷಿಸಬಹುದು. ಮಂಕಾದ ದೀಪದ ಮೇಲೆ ನೀರು ಸುರಿಯಿರಿ. ತೊಡನೆಯೇ ತಿಳಿಯಾಗಿ, ಒಣಗಿದೊಡನೆ ಮತ್ತೆ ಮಂಕಾದರೆ ದೋಷವು ಹೊರಮೈಯಲ್ಲಿದೆ. ಪಾಲಿಕಾರ್ಬೊನೇಟಿನ ವಕ್ರೀಭವನಾಂಕ ಸುಮಾರು 1.59, ಗಾಳಿಯದು 1, ನೀರಿನದು 1.33. ಬಿರುಕುಗಳಲ್ಲಿ ಗಾಳಿಯಿರುವಾಗ ಬೆಳಕು ತೀವ್ರವಾಗಿ ಬಾಗಿ ದಿಕ್ಕುದಿಕ್ಕಿಗೆ ಚದರುತ್ತದೆ. ನೀರು ತುಂಬಿದಾಗ ಅಂತರ ತಗ್ಗಿ, ಬೆಳಕು ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ.

ಈ ಚದರಿಕೆ ಬರಿಯ ಅಂದದ ಪ್ರಶ್ನೆಯಲ್ಲ. ಮುಂದಿನ ದಾರಿಗೆ ಬೀಳಬೇಕಾದ ಬೆಳಕು ಕ್ಷೀಣಿಸುತ್ತದೆ. ಅಷ್ಟು ಮಾತ್ರವಲ್ಲ, ಕೆಳಮುಖವಾಗಿ ಹರಿಯಬೇಕಾದುದು ಮೇಲಕ್ಕೂ ಚದರಿ ಎದುರಿನವರ ಕಣ್ಣು ಕೋರೈಸುತ್ತದೆ. ಮರಗಳ ನೆರಳು ಕವಿದ ಬೀದಿಯಲ್ಲಿ ರಾತ್ರಿ ರಸ್ತೆ ದಾಟುವ ವೃದ್ಧರೊಬ್ಬರು ಚಾಲಕನಿಗೆ ತಡವಾಗಿ ಕಂಡರೆ ಪರಿಣಾಮವನ್ನು ವಿವರಿಸಬೇಕಿಲ್ಲ. ಹೆಚ್ಚು ಪ್ರಖರವಾದ ಬಲ್ಬು ಇದಕ್ಕೆ ಪರಿಹಾರವಲ್ಲ; ಅದರಿಂದ ಚದರುವ ಬೆಳಕೂ ಹೆಚ್ಚುತ್ತದೆ.

ಚಿಕಿತ್ಸೆಗೆ ಬೇಕಾದ ಸಾಮಗ್ರಿ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತದೆ. ದೀಪವನ್ನು ತೊಳೆದು, ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ, ಕೆಲಸಗಾರರು ವಾಟರ್ ಪೇಪರ್ ಎನ್ನುವ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಮೊದಲು 800 ಅಥವಾ 1000 ಸಂಖ್ಯೆಯದು, ಅನಂತರ 2000, ಕೊನೆಗೆ 3000. ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೀರು ಅಳಿದುದು ಸ್ಪಷ್ಟವಾಗಿ ತಿಳಿಯುತ್ತದೆ. ಆಮೇಲೆ ಪಾಲಿಷಿನಿಂದ ತಿಕ್ಕಬೇಕು. ಪೆಟ್ರೋಲ್, ಥಿನ್ನರ್, ಅಸಿಟೋನ್‌ಗಳನ್ನು ಮಾತ್ರ ಸೋಕಿಸಲಾಗದು; ಅವುಗಳಿಂದ ಪ್ಲಾಸ್ಟಿಕ್ ಬಿರಿಯಬಹುದು.

ಇಲ್ಲಿಗೇ ನಿಲ್ಲಿಸುವುದು ಬಹು ಮಂದಿಯ ರೂಢಿ. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿ ತೃಪ್ತರಾಗುವವರೂ ಉಂಟು. ಆದರೆ ಉಜ್ಜಿದಾಗ ಹೋಗುವುದು ಪೊರೆಯೊಂದೇ ಅಲ್ಲ, ಅಳಿದುಳಿದ ರಕ್ಷಾಲೇಪವೂ ಹೋಗುತ್ತದೆ. ಬತ್ತಲಾದ ಪ್ಲಾಸ್ಟಿಕ್ ಮೊದಲಿಗಿಂತ ಬೇಗನೆ, ಕೆಲವೇ ತಿಂಗಳಲ್ಲಿ, ಮತ್ತೆ ಮಂಕಾಗುತ್ತದೆ. ಮೇಣದ ಲೇಪವೂ ಹೆಚ್ಚು ಕಾಲ ಬಾಳದು. ಆದುದರಿಂದ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪಾಲಿಕಾರ್ಬೊನೇಟಿಗೆ ಒಗ್ಗುವ, ಅತಿನೇರಿಳೆ ಕಿರಣವನ್ನು ತಡೆಯುವ ಪಾರದರ್ಶಕ ಲೇಪವನ್ನು ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ಸಾಧ್ಯವಾದಾಗಲೆಲ್ಲ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಬೇಕು. ಪೊರೆ ತೆಗೆಯುವುದು ಅರ್ಧ ಕೆಲಸ. ಅದು ಮರಳದಂತೆ ಕಾಯುವುದು ಉಳಿದರ್ಧ.