ಮಸ್ಕಿಯ ಬಂಡೆಯ ಮುಂದೆ

ಲಿಂಗಸುಗೂರಿನಿಂದ ಬಸ್ಸು ಹಿಡಿದು ಮಸ್ಕಿಗೆ ಹೋದಾಗ ಅತ್ತೆಯವರೂ ಜೊತೆಗಿದ್ದರು. ಬೌದ್ಧರ ಜಾಗವೆಂದರೆ ಮರದ ವಿಹಾರ, ಬುದ್ಧನ ಮೂರ್ತಿ ಇರುತ್ತದೆಂದು ನಂಬಿ ಬಂದವರು. ಗುಡ್ಡದ ಬಂಡೆಯ ಮೇಲಿನ ಗೀರುಗಳನ್ನು ಕಂಡು, “ಇಷ್ಟ ನೋಡಾಕ ಬಂದ್ವೇನವಾ?” ಎಂದರು.

ಈ ಗೀರುಗಳನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬೇರೆಡೆಯ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’ ಎಂದಿದ್ದ ದೊರೆ ಅಶೋಕನೇ ಎಂದು ಖಚಿತವಾದದ್ದು ಇಲ್ಲಿ ಅವನ ಹೆಸರು ಸಿಕ್ಕ ಮೇಲೆ. ತಾನು ಸಂಘಕ್ಕೆ ಹತ್ತಿರವಾದದ್ದನ್ನು ಹೇಳಿ, ಧರ್ಮದಲ್ಲಿ ನಡೆದರೆ ಆ ಫಲ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಉಂಟು ಎಂದಿದ್ದಾನೆ.

ಓದುಬರಹ ಬಾರದ ಅತ್ತೆ ಸೆರಗು ಸರಿಮಾಡಿಕೊಂಡರು. “ಹಂಗಾರ ಅದರಾಗ ನಾವೂ ಬಂದ್ವಿ. ಇನ್ನೊಮ್ಮೆ ಓದು.”

ನನಗೆಲ್ಲಿಯ ಬ್ರಾಹ್ಮಿ! ಪುಸ್ತಕದಲ್ಲಿ ಓದಿದ್ದನ್ನೇ ಮತ್ತೆ ಹೇಳಿದೆ.