‘ಟೋಕಿಯೋ ಕಥೆ’ಯ ರಸಾಸ್ವಾದ

ಕಾವ್ಯವನ್ನು ಒಮ್ಮೆ ಓದಿದವನು ಕಥೆಯನ್ನು ಅರಿಯುತ್ತಾನೆ; ಮರಳಿ ಓದಿದವನು ಅದರ ಧ್ವನಿಯನ್ನು ಗ್ರಹಿಸುತ್ತಾನೆ. ಚಲಚ್ಚಿತ್ರದ ಪ್ರೇಕ್ಷಕನಿಗೆ ಈ ಭಾಗ್ಯವು ಬಹುಕಾಲ ದುರ್ಲಭವಾಗಿತ್ತು. ಚಿತ್ರಮಂದಿರದಿಂದ ಹೊರಬಂದೊಡನೆ ಕೃತಿಯು ಸ್ಮೃತಿಮಾತ್ರವಾಗುತ್ತಿತ್ತು. ವಿಡಿಯೋ ಕ್ಯಾಸೆಟ್, ಡಿವಿಡಿ ಮೊದಲಾದ ಸಾಧನಗಳು ಮನೆಯಲ್ಲಿಯೇ ಪುನರವಲೋಕನವನ್ನು ಸಾಧ್ಯವಾಗಿಸಿದವು. ಇದರ ಪ್ರಯೋಜನವನ್ನು ಚೆನ್ನಾಗಿ ಮನಗಾಣಿಸುವ ಕೃತಿಗಳಲ್ಲಿ ಜಪಾನಿನ ದಿಗ್ದರ್ಶಕ ಯಾಸುಜಿರೋ ಓಜು ಅವರ ‘ಟೋಕಿಯೋ ಕಥೆ’ (1953) ಒಂದು.

ಕಥಾವಸ್ತು ಸರಳವಾದುದು. ಒನೊಮಿಚಿ ಎಂಬ ಕಡಲತಡಿಯ ಊರಿನ ವೃದ್ಧ ದಂಪತಿಗಳಾದ ಶುಕಿಚಿ ಮತ್ತು ತೊಮಿ ಮಕ್ಕಳನ್ನು ಕಾಣಲು ಟೋಕಿಯೋ ನಗರಕ್ಕೆ ತೆರಳುತ್ತಾರೆ. ಹಿರಿಯ ಮಗ ವೈದ್ಯ, ಮಗಳು ಕೇಶಾಲಂಕಾರದ ಅಂಗಡಿ ನಡೆಸುವವಳು, ಇಬ್ಬರಿಗೂ ಬಿಡುವಿಲ್ಲ. ಹೆತ್ತವರನ್ನು ಅತಾಮಿಯ ಬಿಸಿನೀರಿನ ಬುಗ್ಗೆಗಳೆಡೆಗೆ ಕಳುಹಿಸಿ ಅವರು ಹಗುರಾಗುತ್ತಾರೆ. ಯುದ್ಧದಲ್ಲಿ ಮಡಿದ ಮಗನ ಪತ್ನಿ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಪಡೆದು ಅತ್ತೆಮಾವಂದಿರನ್ನು ಆದರಿಸುತ್ತಾಳೆ. ಊರಿಗೆ ಮರಳಿದ ಸ್ವಲ್ಪಕಾಲದಲ್ಲಿಯೇ ತೊಮಿ ತೀರಿಕೊಳ್ಳುತ್ತಾಳೆ.

ಇವರಲ್ಲಿ ದುಷ್ಟರೆಂಬವರು ಯಾರೂ ಇಲ್ಲ; ಕರುಣರಸವು ಇಲ್ಲಿಂದಲೇ ಹುಟ್ಟುತ್ತದೆ. ಓಜು ಅವರ ಕ್ಯಾಮೆರಾ ನೆಲದ ಸಮೀಪದಲ್ಲಿ ಬಹುಮಟ್ಟಿಗೆ ನಿಶ್ಚಲವಾಗಿದ್ದು, ಎಲ್ಲರನ್ನೂ ಸಮಭಾವದಿಂದ ನೋಡುತ್ತದೆ.

ಆರಂಭದಲ್ಲಿ, ಪ್ರಯಾಣಕ್ಕೆ ಅಣಿಯಾಗುವ ದಂಪತಿಗಳು ಗಾಳಿದಿಂಬು ಯಾರ ಬಳಿಯಿದೆ ಎಂದು ಮಾತಾಡಿಕೊಳ್ಳುತ್ತಾರೆ. ನೆರೆಯಾಕೆಯೊಬ್ಬಳು ಹೊರಗೆ ನಿಂತು ಕುಶಲ ವಿಚಾರಿಸುತ್ತಾಳೆ. ಮೊದಲ ನೋಟಕ್ಕೆ ಇದು ಅಲ್ಪಸಂಗತಿ. ಕಡೆಯಲ್ಲಿ ಅದೇ ಮನೆ, ಅದೇ ನೆರೆಯಾಕೆ. ಶುಕಿಚಿ ಒಬ್ಬನೇ ಕುಳಿತಿದ್ದಾನೆ. ಚಿತ್ರ ಮುಗಿದ ಬಳಿಕ ಮೊದಲ ದೃಶ್ಯಕ್ಕೆ ಮರಳಿದವನಿಗೆ ಆ ದಿಂಬಿನ ಮಾತೇ ಸಮಗ್ರ ದಾಂಪತ್ಯವನ್ನು ಧ್ವನಿಸುತ್ತದೆ. ಗೃಹವೀಕ್ಷಣೆಯ ನಿಜವಾದ ಲಾಭವು ಇದೇ.

ಅಪಾಯವೂ ಉಂಟು. ಹೊಗೆಕೊಳವೆ, ಬರಿದಾದ ಕೋಣೆ, ರೈಲುಹಳಿ ಮೊದಲಾದ ಮೌನದೃಶ್ಯಗಳನ್ನು ಗುಂಡಿಯೊತ್ತಿ ಹಾರಿಸಿದರೆ ರಸಭಂಗವಾಗುವುದು. 136 ನಿಮಿಷಗಳ ಚಿತ್ರವನ್ನು ಒಮ್ಮೆ ಅಖಂಡವಾಗಿ ನೋಡಿ, ಅನಂತರ ಬೇಕಾದೆಡೆಗೆ ಮರಳುವುದು ಉಚಿತವಾದ ಕ್ರಮ.

ಚಿತ್ರದ ಮೂಲ ನೆಗೆಟಿವ್ ಅಗ್ನಿಗೆ ಆಹುತಿಯಾಯಿತು. ಮೂಲ ಓಲೆ ನಷ್ಟವಾದ ಗ್ರಂಥವನ್ನು ಪ್ರತ್ಯಂತರಗಳಿಂದ ಪರಿಷ್ಕರಿಸುವಂತೆ, ಉಳಿದ ಪ್ರತಿಗಳಿಂದ ಅದನ್ನು ಉದ್ಧರಿಸಲಾಯಿತು. ಕೃತಿಯನ್ನು ಹೀಗೆ ಮರಳಿ ಪಡೆಯಬಹುದು. ತಾಯಿ ಕಣ್ಮುಚ್ಚಿದ ಮೇಲೆ ಬಂದು ಸೇರಿದ ಒಸಾಕಾದ ಮಗನಿಗೆ ಅಂಥ ಅವಕಾಶವಿರಲಿಲ್ಲ. ಚಿತ್ರವನ್ನು ಮತ್ತೆ ಮತ್ತೆ ನೋಡುವ ಸಹೃದಯನಿಗೆ ಈ ಭೇದವು ಮನದಟ್ಟಾದರೆ, ಆ ವೀಕ್ಷಣೆಯು ಸಾರ್ಥಕವೆನ್ನಬಹುದು.